ವಿಶ್ವವಿದ್ಯಾಲಯದ ಛಾಯಾಪ್ರತಿ ವಿಭಾಗ ಮತ್ತು ಹಸ್ತಪ್ರತಿ ಸಂಶೋಧನೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರದೇಶವನ್ನು ಕುರಿತು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಸಮಾಜವು ವಿಶೇಷವಾದ ಸ್ಥಾನವನ್ನು ಕೊಟ್ಟಿದೆ. ಗ್ರಂಥವನ್ನು ಬರೆಯಿಸಿ, ತಿದ್ದಿಸಿ, ಯೋಗ್ಯರ ಕೈಗೆ ಒಪ್ಪಿಸುವ ಕಾರ್ಯವು ಶತಮಾನಗಳ ಕಾಲ ಶ್ರಾವಕ ಶ್ರಾವಿಕೆಯರ ನೆರವಿನಿಂದ ನಡೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿಯೇ ಇದೆ. ಅಂದು ಲಿಪಿಕಾರನು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸವನ್ನು ಇಂದು ಯಂತ್ರವು ಕೆಲವು ಗಳಿಗೆಗಳಲ್ಲಿ ಮುಗಿಸುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ಆವರಣದಲ್ಲಿಯೇ ನಡೆಸುವ, ಅಥವಾ ಪರವಾನಗಿ ಕೊಟ್ಟು ನಡೆಯಿಸುವ ಛಾಯಾಪ್ರತಿ ವಿಭಾಗಗಳು ಸಂಶೋಧಕರಿಗೆ ಈ ಅನುಕೂಲವನ್ನು ಒದಗಿಸಿವೆ. ಜನರ ಮಾತಿನಲ್ಲಿ ಇದಕ್ಕೆ ‘ಜೆರಾಕ್ಸ್’ ಎಂದೇ ಹೆಸರು. ಆದರೆ ಹಸ್ತಪ್ರತಿಗಳ ವಿಷಯದಲ್ಲಿ ಈ ಸೌಲಭ್ಯವನ್ನು ಎಲ್ಲಿಯವರೆಗೆ ಬಳಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಚನೆ ಅಗತ್ಯವಾಗಿದೆ.

ಪ್ರದೇಶದ ಮಹತ್ವ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ವರ್ಷ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಈಗಿನ ಹಾವೇರಿ ಜಿಲ್ಲೆಯೊಳಗೇ ಇರುವ ಬಂಕಾಪುರವು ಜೈನ ವಾಙ್ಮಯದ ಇತಿಹಾಸದಲ್ಲಿ ಚಿರಸ್ಮರಣೀಯವಾದ ಸ್ಥಳ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಪೂಜೆ ಸಂದಾಗ ಲೋಕಾದಿತ್ಯನು ಬಂಕಾಪುರದಲ್ಲಿದ್ದು ವನವಾಸ ದೇಶವನ್ನು ಆಳುತ್ತಿದ್ದನು. ರಾಷ್ಟ್ರಕೂಟ ಅಕಾಲವರ್ಷನು ಅವನಿಗೆ ಸಾರ್ವಭೌಮ. ಗಂಗದೊರೆ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟದ್ದೂ ಇಲ್ಲಿಯೇ.

ಉತ್ತರಪುರಾಣಕ್ಕೆ ಸಂಬಂಧಿಸಿದ ಈ ವಿವರಗಳು ತಿಳಿದದ್ದು ಗ್ರಂಥದ ಕಥಾಭಾಗದಿಂದಲ್ಲ, ಕೊನೆಯ ಪ್ರಶಸ್ತಿಯಿಂದ ಎಂಬುದನ್ನು ಗಮನಿಸಬೇಕು. ಕಥೆ ಮುಗಿಯಿತೆಂದು ಯಾವನಾದರೊಬ್ಬ ಪ್ರತಿಕಾರನು ಅಲ್ಲಿಗೇ ಕಂಠವನ್ನು ಕೆಳಗಿಟ್ಟು, ಮುಂದಿನ ಪ್ರತಿಗಳೆಲ್ಲವೂ ಅವನನ್ನೇ ಅನುಸರಿಸಿದ್ದರೆ, ಈ ನಾಡಿಗೂ ಆ ಮಹಾಗ್ರಂಥಕ್ಕೂ ಇರುವ ಸಂಬಂಧವೇ ಮರೆಯಾಗುತ್ತಿತ್ತು. ಛಾಯಾಪ್ರತಿಯನ್ನು ಮಾಡಿಸುವಾಗ ಸಂಶೋಧಕನು ಮೊದಲು ನೆನೆಯಬೇಕಾದ ಮಾತು ಇದೇ. ಪ್ರತಿ ಎಂದರೆ ಗ್ರಂಥದ ಪಾಠ ಮಾತ್ರವಲ್ಲ. ಆದಿಯ ನಮಸ್ಕಾರ, ಸಂಧಿವಾಕ್ಯ, ಪುಷ್ಪಿಕೆ, ಬರೆಯಿಸಿದವರ ಹೆಸರು, ಅಂಚಿನ ತಿದ್ದುಪಡಿ, ಬರಿದಾದ ಗರಿ ಇವೆಲ್ಲವೂ ಸೇರಿ ಪ್ರತಿಯಾಗುತ್ತದೆ.

ಈ ಮೂರು ಊರುಗಳ ವಿದ್ವಾಂಸರಿಗೆ ಸಮೀಪದ ದೊಡ್ಡ ಸಂಶೋಧನ ಕೇಂದ್ರವೆಂದರೆ ಧಾರವಾಡ. ಅಲ್ಲಿಯ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಮುಂಬಯಿ ಸರಕಾರದಿಂದ ಸ್ಥಾಪಿತವಾಗಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಹಾವೇರಿಯಿಂದ ಧಾರವಾಡಕ್ಕೆ ಸುಮಾರು 100 ಕಿ.ಮೀ., ರಾಣೆಬೆನ್ನೂರಿನಿಂದ ಸುಮಾರು 130 ಕಿ.ಮೀ. ದಾರಿ, ಬ್ಯಾಡಗಿಯು ಇವೆರಡರ ನಡುವೆ ಇದೆ. ರೈಲು, ಬಸ್ಸುಗಳ ಅನುಕೂಲವಿರುವುದರಿಂದ ಮನೆಯಲ್ಲಿರುವ ಓಲೆಯ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಒಂದೇ ದಿನದಲ್ಲಿ ಜೆರಾಕ್ಸ್ ಮಾಡಿಸಿ ತರಬಹುದೆಂಬ ಆಸೆ ಹುಟ್ಟುವುದು ಸಹಜ. ಈ ಆಸೆಯನ್ನು ತಡೆಯಬೇಕು.

ಯಂತ್ರದ ರೀತಿ ಮತ್ತು ಓಲೆಗರಿಯ ಸ್ವಭಾವ

ಒಣಪುಡಿಯಿಂದ ಪ್ರತಿ ತೆಗೆಯುವ ಈ ವಿಧಾನವನ್ನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ನನು 1938ರಲ್ಲಿ ಸಾಧಿಸಿದನು. 1959ರಲ್ಲಿ ‘ಜೆರಾಕ್ಸ್ 914’ ಎಂಬ ಯಂತ್ರವು ಕಚೇರಿಗಳ ಬಳಕೆಗೆ ಬಂದಿತು. ಮೂಲಪತ್ರವನ್ನು ಗಾಜಿನ ಮೇಲೆ ಬೋರಲಾಗಿಟ್ಟು ಪ್ರಖರವಾದ ಬೆಳಕನ್ನು ಹಾಯಿಸುತ್ತಾರೆ. ವಿದ್ಯುದಾವೇಶವನ್ನು ಪಡೆದ ಉರುಳೆಯೊಂದರ ಮೇಲೆ, ಪತ್ರದ ಬಿಳಿಯ ಭಾಗದಿಂದ ಬೆಳಕು ಬಿದ್ದಲ್ಲಿ ಆವೇಶವು ಅಳಿಯುತ್ತದೆ. ಕಪ್ಪಿನ ಭಾಗಕ್ಕೆ ಎದುರಾಗಿರುವಲ್ಲಿ ಉಳಿಯುತ್ತದೆ. ಉಳಿದ ಕಡೆ ಕರಿಯ ಪುಡಿಯು ಅಂಟಿ, ಕಾಗದಕ್ಕೆ ಇಳಿದು, ಶಾಖದಿಂದ ಭದ್ರವಾಗುತ್ತದೆ. ಈಚಿನ ಯಂತ್ರಗಳು ಮೊದಲು ಬಿಂಬವನ್ನು ಅಂಕೀಯ ರೂಪದಲ್ಲಿ ಗ್ರಹಿಸಿ ಬಳಿಕ ಮುದ್ರಿಸುತ್ತವೆಯಾದರೂ ಗಾಜು, ಮುಚ್ಚಳ, ಬೆಳಕು ಇವು ತಪ್ಪಿಲ್ಲ.

ಬಿಳಿಯ ಕಾಗದದ ಮೇಲಣ ಕಪ್ಪು ಅಕ್ಷರಕ್ಕಾಗಿ ರೂಪುಗೊಂಡ ಈ ವಿಧಾನವು ಓಲೆಗರಿಗೆ ಹಲವು ಕಾರಣಗಳಿಂದ ಒಗ್ಗುವುದಿಲ್ಲ. ಮೊದಲನೆಯದಾಗಿ, ಹಳೆಯ ಗರಿಯು ಕಂದುಬಣ್ಣಕ್ಕೆ ತಿರುಗಿರುತ್ತದೆ. ಯಂತ್ರವು ಆ ಕಂದನ್ನೂ ಕಪ್ಪೆಂದೇ ಗ್ರಹಿಸುವುದರಿಂದ ಅಕ್ಷರವೂ ಗರಿಯೂ ಒಂದಾಗಿಬಿಡುತ್ತವೆ. ಎರಡನೆಯದಾಗಿ, ಓಲೆಯ ಅಕ್ಷರವು ಕಬ್ಬಿಣದ ಕಂಠದಿಂದ ಕೊರೆದದ್ದು; ಮಸಿ ತುಂಬದೆ ಬಿಟ್ಟ ಅಥವಾ ಮಸಿ ಅಳಿದ ಗೀರು ಓರೆಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಹೊರತು ನೇರವಾದ ಬೆಳಕಿನಲ್ಲಿ ಕಾಣದು. ಮೂರನೆಯದಾಗಿ, ಗರಿಯು ಬಾಗಿರುತ್ತದೆ. ಗಾಜಿಗೆ ತಾಗದ ಅಂಚಿನ ಅಕ್ಷರಗಳು ಮಸುಕಾಗುತ್ತವೆ. ಅದನ್ನು ಸರಿಪಡಿಸಲು ಮುಚ್ಚಳವನ್ನು ಒತ್ತಿದರೆ ಗರಿ ಸೀಳುತ್ತದೆ, ದಾರದ ರಂಧ್ರದ ಬಳಿ ಮುರಿಯುತ್ತದೆ. ಮುರಿದ ಚೂರಿನೊಡನೆ ಹೋದ ಎರಡು ಅಕ್ಷರಗಳನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ನಾಲ್ಕನೆಯದಾಗಿ, ಯಂತ್ರದ ದೊಡ್ಡ ಹಾಳೆಯೂ 42 ಸೆಂ.ಮೀ. ಉದ್ದದ್ದು; ಅದಕ್ಕಿಂತ ಉದ್ದವಾದ ಗರಿಯನ್ನು ಎರಡು ಸಲ ಇಡಬೇಕಾಗಿ, ಪಂಕ್ತಿಯು ನಡುವೆ ತುಂಡಾಗುತ್ತದೆ.

ಆದಕಾರಣ ಓಲೆಗರಿಯನ್ನೂ ಜೀರ್ಣವಾದ ಕಡತವನ್ನೂ ಛಾಯಾಪ್ರತಿ ಯಂತ್ರದ ಮೇಲೆ ಇಡಲೇಬಾರದು. ಅವುಗಳಿಗೆ ತಕ್ಕದ್ದು ಛಾಯಾಚಿತ್ರ. ಕಟ್ಟು ಇದ್ದ ಮನೆಯಲ್ಲಿಯೋ ಬಸದಿಯಲ್ಲಿಯೋ, ಅದನ್ನು ಕಾಪಾಡಿಕೊಂಡು ಬಂದವರ ಎದುರಿನಲ್ಲಿಯೇ, ಗರಿಯ ಪಕ್ಕದಲ್ಲಿ ಅಳತೆಪಟ್ಟಿಯನ್ನಿರಿಸಿ, ಎರಡೂ ಮಗ್ಗುಲುಗಳ ಚಿತ್ರವನ್ನು ಮೇಲಿನಿಂದ ತೆಗೆಯಬೇಕು. ಹೀಗೆ ಮಾಡಿದರೆ ಗ್ರಂಥವು ಊರನ್ನು ಬಿಟ್ಟು ಕದಲಬೇಕಾಗಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಬೇಕಾದದ್ದು ಆ ಚಿತ್ರಗಳು ಮಾತ್ರ. ಅವುಗಳಿಂದ ಎಷ್ಟು ಕಾಗದಪ್ರತಿಗಳನ್ನಾದರೂ ಅಲ್ಲಿ ತೆಗೆಯಿಸಿಕೊಳ್ಳಬಹುದು.

ಛಾಯಾಪ್ರತಿ ವಿಭಾಗವನ್ನು ಬಳಸುವ ಕ್ರಮ

ಹಾಗಾದರೆ ಈ ವಿಭಾಗದಿಂದ ಹಸ್ತಪ್ರತಿ ಸಂಶೋಧಕನಿಗೆ ಪ್ರಯೋಜನವಿಲ್ಲವೇ? ಬಹಳವಾಗಿ ಇದೆ. ಹಿಂದಿನ ವಿದ್ವಾಂಸರು ಗಟ್ಟಿಯಾದ ಕಾಗದದ ಮೇಲೆ ಮಾಡಿಟ್ಟ ನಕಲುಗಳು, ಮುದ್ರಣ ನಿಂತುಹೋದ ಸಂಪಾದನೆಗಳು, ಹಳೆಯ ಪತ್ರಿಕೆಗಳ ಲೇಖನಗಳು, ಗ್ರಂಥಸೂಚಿಗಳು ಇವೆಲ್ಲಕ್ಕೂ ಅದೇ ಸುಲಭವಾದ ಸಾಧನ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ’ (1948) ಯಂಥ ಗ್ರಂಥವನ್ನು ಕೈಯಲ್ಲಿಟ್ಟುಕೊಳ್ಳದೆ ಈ ಕ್ಷೇತ್ರದಲ್ಲಿ ಹೆಜ್ಜೆಯಿಡುವುದು ಕಷ್ಟ. ಅಂಥವುಗಳ ಬೇಕಾದ ಪುಟಗಳನ್ನು ದೂರದ ಊರಿನ ಪಂಡಿತನು ಹೀಗೆ ಪಡೆಯಬಹುದು.

ಹೋಗುವ ಮೊದಲೇ ಗ್ರಂಥದ ಹೆಸರು, ಕ್ರಮಸಂಖ್ಯೆ, ಬೇಕಾದ ಪುಟಗಳು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿರುವುದು ಒಳಿತು. ಗ್ರಂಥಪಾಲಕರ ಲಿಖಿತ ಅನುಮತಿಯಿಲ್ಲದೆ ಹಸ್ತಲಿಖಿತವನ್ನು ಪ್ರತಿ ತೆಗೆಯುವವರ ಕೈಗೆ ಕೊಡಬಾರದು. ಪುಟಗಳನ್ನು ಬೇರೆಯವರ ಕೈಯಿಂದ ತಿರುವಿಸದೆ, ಸಂಶೋಧಕನು ತಾನೇ ಬಳಿಯಲ್ಲಿ ನಿಂತಿರಬೇಕು. ಮುಖಪತ್ರದಿಂದ ಹಿಡಿದು ಕೊನೆಯ ಬರಿದಾದ ಹಾಳೆಯವರೆಗೆ ಯಾವುದನ್ನೂ ಬಿಡದೆ ತೆಗೆಯಿಸಬೇಕು. ಪ್ರತಿಯೊಂದು ಛಾಯಾಪ್ರತಿಯ ಹಿಂಬದಿಯಲ್ಲಿ ಮೂಲವಿರುವ ಸ್ಥಳ, ಕ್ರಮಸಂಖ್ಯೆ, ಪುಟ, ಪ್ರತಿ ತೆಗೆದ ದಿನಾಂಕ ಇವನ್ನು ಸೀಸದ ಕಡ್ಡಿಯಿಂದ ಅಲ್ಲಿಯೇ ಬರೆಯಬೇಕು. ಊರಿಗೆ ಬಂದ ಮೇಲೆ ಬರೆಯೋಣವೆಂದರೆ ಹಾಳೆಗಳು ಬೆರೆತುಹೋಗುತ್ತವೆ. ಓಲೆಗಳಲ್ಲಿ ಗರಿಯ ಸಂಖ್ಯೆಯು ಒಂದೇ ಮಗ್ಗುಲಿನಲ್ಲಿ ಇರುವುದರಿಂದ, ಅವುಗಳ ಚಿತ್ರಗಳ ಮುದ್ರಿತಪ್ರತಿಯಲ್ಲಂತೂ ಯಾವ ಹಿಂಬದಿ ಯಾವ ಗರಿಗೆ ಸೇರಿದ್ದೆಂಬುದು ತಿಳಿಯದಂತಾಗುವ ಅಪಾಯವಿದೆ.

ಇಲ್ಲಿ ಪ್ರಾಕೃತ ಗ್ರಂಥಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ತೊಡಕನ್ನು ಹೇಳಬೇಕು. ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ವ್ಯಂಜನದ ಹಿಂದೆ ಸೊನ್ನೆಯನ್ನಿಟ್ಟು ದ್ವಿತ್ವವನ್ನು ಸೂಚಿಸುವ ಪದ್ಧತಿಯುಂಟು. ‘ಧಮ್ಮ’ ಎಂಬುದನ್ನು ‘ಧಂಮ’ ಎಂದು ಬರೆದಿರುತ್ತಾರೆ. ಗಾಜಿನ ಮೇಲೆ ಕುಳಿತ ಧೂಳಿನ ಕಣವೊಂದು ಛಾಯಾಪ್ರತಿಯಲ್ಲಿ ಕರಿಯ ಚುಕ್ಕೆಯಾಗಿ ಮೂಡಿದರೆ ಓದುವವನು ಅದನ್ನು ಸೊನ್ನೆಯೆಂದು ಭ್ರಮಿಸಿ ಇಲ್ಲದ ದ್ವಿತ್ವವನ್ನು ತರಬಹುದು. ಇದಕ್ಕೆ ಪ್ರತಿಯಾಗಿ, ಬೆಳಕು ಹೆಚ್ಚಾದಾಗ ತೆಳುವಾದ ನಿಜವಾದ ಸೊನ್ನೆಯೇ ಅಳಿಸಿಹೋಗುತ್ತದೆ. ಹಲವು ಹಾಳೆಗಳಲ್ಲಿ ಒಂದೇ ಸ್ಥಾನದಲ್ಲಿ ಚುಕ್ಕೆ ಕಂಡರೆ ಅದು ಗಾಜಿನ ದೋಷವೆಂದು ತಿಳಿಯಬೇಕು. ಒಂದೇ ಪುಟವನ್ನು ತಿಳಿಯಾಗಿ ಒಮ್ಮೆ, ಗಾಢವಾಗಿ ಒಮ್ಮೆ ತೆಗೆಯಿಸಿಕೊಳ್ಳುವುದು ಸಂದೇಹ ನಿವಾರಣೆಗೆ ಸಹಾಯಕ.

ಮೂಲದೊಡನೆ ತಾಳೆನೋಡುವಿಕೆ

ಪ್ರತಿಯ ಪ್ರತಿಯನ್ನು ನಂಬಿದಾಗ ಒದಗುವ ತೊಂದರೆಗೆ ಷಟ್‌ಖಂಡಾಗಮದ ಇತಿಹಾಸಕ್ಕಿಂತ ಮಿಗಿಲಾದ ಉದಾಹರಣೆ ಬೇಕಿಲ್ಲ. ಮೂಡುಬಿದಿರೆಯ ತಾಡಪತ್ರಗಳಿಂದ ಧವಲಾ ಟೀಕೆಯ ನಕಲು ಕಾರ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಹಾಗೆ ಹೊರಬಂದ ಕನ್ನಡ ಪ್ರತಿಯೊಂದು ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಪರಿವರ್ತಿತವಾಗಿ, ಅದರ ಪ್ರತಿಗಳು ಉತ್ತರದ ಹಲವೆಡೆ ಹರಡಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದೆ ಇದ್ದವು ಈ ಪರಂಪರೆಯ ಕಾಗದಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಅಲ್ಲಿ ಆ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಮುಂದೆ ಮೂಡುಬಿದಿರೆಯ ತಾಡಪತ್ರಗಳೊಡನೆ ತಾಳೆನೋಡುವ ಅವಕಾಶ ದೊರೆತಾಗ ಪದವು ಅಲ್ಲಿ ಕಂಡುಬಂದಿತು. ಸ್ತ್ರೀಮುಕ್ತಿಯ ಪ್ರಶ್ನೆಗೆ ಸಂಬಂಧಿಸಿದ ಸೂತ್ರವಾದುದರಿಂದ ಈ ಒಂದು ಪದದ ಸುತ್ತ ನಡೆದ ಚರ್ಚೆಯು ವಿದ್ವಾಂಸರಿಗೆ ತಿಳಿದದ್ದೇ.

ಯಂತ್ರವು ಲಿಪಿಕಾರನಂತೆ ಪದವನ್ನು ಕಣ್ತಪ್ಪಿ ಬಿಡುವುದಿಲ್ಲ ನಿಜ. ಆದರೆ ಎರಡು ಹಾಳೆಗಳು ಅಂಟಿಕೊಂಡು ತಿರುಗಿದರೆ ಇಡೀ ಪುಟವೇ ಬಿಟ್ಟುಹೋಗುತ್ತದೆ. ಹಾಳೆ ಓರೆಯಾದರೆ ಕೆಳಗಿನ ಪಂಕ್ತಿಯೂ ಅಂಚಿನ ತಿದ್ದುಪಡಿಯೂ ಕಡಿದುಹೋಗುತ್ತವೆ. ಆದುದರಿಂದ ಹಣ ಕೊಟ್ಟು ಪ್ರತಿಯನ್ನು ಪಡೆದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೂಲವು ಇನ್ನೂ ಮೇಜಿನ ಮೇಲೆ ಇರುವಾಗಲೇ ಪುಟ ಪುಟವನ್ನೂ ಎಣಿಸಿ, ಪ್ರತಿ ಪುಟದ ಮೊದಲ ಮತ್ತು ಕೊನೆಯ ಪಂಕ್ತಿಗಳನ್ನು ಹೋಲಿಸಿ, ಛಾಯಾಪ್ರತಿಯಲ್ಲಿ ಕಾಣದ ಕೆಂಪು ಶಾಯಿ, ಬೇರೆ ಕೈಬರಹ ಮೊದಲಾದವನ್ನು ಗುರುತು ಹಾಕಿಕೊಳ್ಳಬೇಕು. ಸಂಪಾದನೆಯಲ್ಲಿ ಪಾಠಾಂತರವನ್ನು ಕೊಡುವಾಗ ಮೂಲವನ್ನು ನೋಡಿದ್ದೇ, ಛಾಯಾಪ್ರತಿಯನ್ನು ಮಾತ್ರ ನೋಡಿದ್ದೇ ಎಂಬುದನ್ನು ಸ್ಪಷ್ಟವಾಗಿ ತಿಳಿಸುವುದು ಪ್ರಾಮಾಣಿಕತೆಯ ಲಕ್ಷಣ.

ಕಾನೂನಿನ ಮಿತಿ

ಪ್ರಾಚೀನ ಕರ್ತೃಗಳ ಗ್ರಂಥಗಳಿಗೆ ಹಕ್ಕುಸ್ವಾಮ್ಯದ ತಡೆಯಿಲ್ಲ. ಆದರೆ ಆಧುನಿಕ ಸಂಪಾದಕರ ಪೀಠಿಕೆ, ಅನುವಾದ, ಟಿಪ್ಪಣಿಗಳಿಗೆ ಅವರ ಮರಣಾನಂತರ 60 ವರ್ಷಗಳವರೆಗೆ ರಕ್ಷಣೆಯಿದೆ. 1975ರಲ್ಲಿ ದಿವಂಗತರಾದ ಡಾ. ಆ.ನೇ. ಉಪಾಧ್ಯೆಯವರ ಬರಹಗಳಿಗೆ ಅದು 2035ರ ಕೊನೆಯವರೆಗೆ ನಡೆಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಸಂಶೋಧನೆ ಮತ್ತು ಸ್ವಂತ ಅಧ್ಯಯನಕ್ಕಾಗಿ ನ್ಯಾಯೋಚಿತವಾದ ಬಳಕೆಗೆ ಅವಕಾಶವನ್ನಿತ್ತಿದೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಛಾಯಾಪ್ರತಿ ಅಂಗಡಿಯ ಮೇಲೆ ವಿದೇಶೀ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯನ್ನು ದಿಲ್ಲಿ ಉಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಭಾಗೀಯ ಪೀಠವು ಬೋಧನೆಗೆ ಅಗತ್ಯವಾದಷ್ಟು ಪ್ರತಿಗಳನ್ನು ತೆಗೆಯಲು ಅವಕಾಶವುಂಟೆಂಬ ತತ್ತ್ವವನ್ನು ಎತ್ತಿಹಿಡಿದು, ಕೆಲವು ಸಂಗತಿಗಳ ವಿಚಾರಣೆಗಾಗಿ ದಾವೆಯನ್ನು ಹಿಂದಕ್ಕೆ ಕಳುಹಿಸಿತು. ಇದರಿಂದ ಇಡೀ ಗ್ರಂಥಗಳನ್ನು ಪ್ರತಿ ತೆಗೆದು ಮಾರಬಹುದೆಂದು ಅರ್ಥವಲ್ಲ. ಖಾಸಗಿ ಮನೆತನದ ಹಸ್ತಪ್ರತಿಯ ವಿಷಯದಲ್ಲಿಯಂತೂ, ಕಾನೂನು ಏನೇ ಇರಲಿ, ಮನೆಯವರ ಒಪ್ಪಿಗೆಯೇ ಮೊದಲು.

ಸಂರಕ್ಷಣೆ

ಛಾಯಾಪ್ರತಿಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಇಟ್ಟರೆ ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ಕರಿಯ ಪುಡಿಯು ಅಂಟಿಕೊಂಡು ಅಕ್ಷರಗಳು ಎದ್ದುಬರುತ್ತವೆ. ಕಾಗದದ ಹೊದಿಕೆಯೇ ಲೇಸು. ಒಂದು ಪ್ರತಿಯನ್ನು ಅಧ್ಯಯನಕ್ಕೆ ಇಟ್ಟುಕೊಂಡು, ಮತ್ತೊಂದನ್ನು ಗ್ರಂಥ ದೊರೆತ ಮನೆಗೆ ಅಥವಾ ಬಸದಿಗೆ ತಪ್ಪದೆ ಒಪ್ಪಿಸಬೇಕು. ಓಲೆಯ ಲಿಪಿಯನ್ನು ಓದಲಾರದ ಮನೆಯವರಿಗೆ, ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆಯನ್ನು ಬರೆದ ಒಂದು ಹಾಳೆಯೂ ಅದರೊಡನೆ ದೊರೆತರೆ, ಕಟ್ಟಿನಲ್ಲಿ ಏನಿದೆಯೆಂಬುದು ಮುಂದಿನ ತಲೆಮಾರಿಗೆ ತಿಳಿಯುತ್ತದೆ. ಹಳೆಯ ಓಲೆಯೆಂದು ಅದನ್ನು ಹೊಳೆಗೆ ಬಿಡುವ ಸಂದರ್ಭ ಒದಗುವುದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ, ಬಸದಿಗಳಲ್ಲಿ ಇಂಥ ಕಟ್ಟುಗಳು ಎಲ್ಲೆಲ್ಲಿ ಇವೆಯೋ ಅಲ್ಲಲ್ಲಿಯೇ ಅವು ಸುರಕ್ಷಿತವಾಗಿ ಉಳಿಯಲಿ. ಅವುಗಳ ಬಿಂಬವು ವಿಶ್ವವಿದ್ಯಾಲಯವನ್ನು ಸೇರಲಿ. ವಿಶ್ವವಿದ್ಯಾಲಯದ ಗ್ರಂಥಗಳ ಪ್ರತಿಯು ಈ ಊರುಗಳ ಪಂಡಿತರ ಕೈಸೇರಲಿ. ಮೂಲಕ್ಕೆ ಅಪಾಯವಿಲ್ಲದೆ, ದಾಖಲೆಯೊಡನೆ, ತಾಳೆನೋಡಿ ಸಿದ್ಧಪಡಿಸಿದ ಛಾಯಾಪ್ರತಿಯನ್ನು ಶಾಸ್ತ್ರದಾನದ ಸಾಲಿನಲ್ಲಿ ಎಣಿಸಲು ಅಡ್ಡಿಯಿಲ್ಲ.