ಮನೆಗೊಂದು, ಕಾರಿಗೊಂದು: ವಿಮೆ ಎಲ್ಲಾ ಒಂದೇ ಕಡೆ ಯಾಕೆ?

"ಎಲ್ಲಾ ಒಂದೇ ಕಡೆ ಮಾಡಿಸ್ಬಿಡಿ, ತಲೆನೋವು ಇರಲ್ಲ." ಕಾರು ಮಾರುವ ಶೋರೂಮಿನಲ್ಲೂ, ಗೃಹಸಾಲ ಕೊಡುವ ಬ್ಯಾಂಕಿನಲ್ಲೂ ನಾನು ಕೇಳಿದ್ದು ಇದೇ ಮಾತು. ವಿಮೆ ಮಾರಿದವರಿಗೆ ಕಮಿಷನ್ ಸಿಗುತ್ತೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ನಾನು ಈಗ ಮೊದಲು ಕೇಳೋದು ಒಂದೇ ಪ್ರಶ್ನೆ: ಈ ವಿಮೆಯ ಬೆಲೆ ನಿಗದಿ ಮಾಡೋದು ಯಾರು?

ಕಾರಿನ ಪಾಲಿಸಿಯಲ್ಲಿ ಎರಡು ಭಾಗ ಇರುತ್ತೆ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ, ಇದರ ದರ ನಿಗದಿ ಮಾಡೋದು ಕೇಂದ್ರ ಸರ್ಕಾರ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ ಜಿಎಸ್‌ಟಿ ಬಿಟ್ಟು ವರ್ಷಕ್ಕೆ 3,416 ರೂಪಾಯಿ. ಯಾವ ಕಂಪನಿಗೆ ಹೋದರೂ ಅಷ್ಟೇ. ಇಲ್ಲಿ ಅಲೆದಾಡಿ ಪ್ರಯೋಜನ ಇಲ್ಲ.

ನಮ್ಮದೇ ಕಾರಿನ ಹಾನಿಗೆ ಮಾಡಿಸುವ 'ಓನ್ ಡ್ಯಾಮೇಜ್' ವಿಮೆಯ ದರವನ್ನು ಆಯಾ ಕಂಪನಿಯೇ ಹೇಳುತ್ತೆ. ಉಳಿತಾಯ ಇರೋದು ಇಲ್ಲೇ. 2019ರ ಸೆಪ್ಟೆಂಬರ್ 1ರಿಂದ ಇದನ್ನು ಬೇರೆ ಕಂಪನಿಯಿಂದ ಪ್ರತ್ಯೇಕವಾಗಿ ಕೊಳ್ಳಬಹುದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಮೊದಲೇ ಮಾಡಿಸಿರ್ತೀವಿ. ಅದನ್ನು ಹಾಗೇ ಬಿಟ್ಟು, ಒಂದು ವರ್ಷದ ಓನ್ ಡ್ಯಾಮೇಜ್ ಮುಗಿದಾಗ ಕಂಪನಿ ಬದಲಿಸಬಹುದು. ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷದ ನಂತರ ಶೇ. 20, ಐದು ವರ್ಷಕ್ಕೆ ಶೇ. 50. ಅದು ಕಾರಿನ ಮಾಲೀಕರದ್ದು, ಕಂಪನಿ ಬದಲಾದರೂ ಜೊತೆಗೇ ಬರುತ್ತೆ. ಆದರೆ ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಹೋಯ್ತು.

ಮನೆಯ ಲೆಕ್ಕ ಬೇರೆ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ ಇದೆ. ಬೆಂಕಿ, ಪ್ರವಾಹ, ಭೂಕುಸಿತಕ್ಕೆಲ್ಲ ಮೂಲ ರಕ್ಷಣೆ ಎಲ್ಲಾ ಕಂಪನಿಗಳಲ್ಲೂ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಹಾಗಾಗಿ ಹೋಲಿಸೋದು ಸುಲಭ. ಮನೆಗೆ ವಿಮೆ ಇರಲಿ ಅಂತ ಬ್ಯಾಂಕ್ ಕೇಳಬಹುದು, ಇಂಥದ್ದೇ ಕಂಪನಿಯದ್ದು ಬೇಕು ಅಂತ ಬಲವಂತ ಮಾಡುವಂತಿಲ್ಲ. ನೆನಪಿರಲಿ, ವಿಮಾ ಮೊತ್ತ ಅಂದರೆ ಮನೆಯನ್ನು ಮತ್ತೆ ಕಟ್ಟುವ ಖರ್ಚು. ಸೈಟಿನ ಬೆಲೆ ಅದರಲ್ಲಿ ಸೇರಲ್ಲ.

ಹಂಚಿದರೆ ತೊಂದರೆಯೇ ಇಲ್ಲ ಅಂತಲ್ಲ. ಒಂದೇ ಅಪಘಾತಕ್ಕೆ ಎರಡು ಕಂಪನಿಗಳ ಜೊತೆ ವ್ಯವಹರಿಸಬೇಕಾಗಬಹುದು. ಕಾರಿನ ಮೌಲ್ಯವನ್ನು, ಅಂದರೆ ಐಡಿವಿಯನ್ನು, ಇಳಿಸಿ ಪ್ರೀಮಿಯಂ ಕಡಿಮೆ ತೋರಿಸೋದೂ ಉಂಟು. ಕಾರು ಕಳುವಾದ ದಿನ ಕೈಗೆ ಬರುವ ಹಣವೂ ಅಷ್ಟೇ ಕಡಿಮೆ. ನಿಮ್ಮೂರಿನ ಗ್ಯಾರೇಜಿನಲ್ಲಿ ಆ ಕಂಪನಿಯ ಕ್ಯಾಶ್‌ಲೆಸ್ ಸೌಲಭ್ಯ ಇದೆಯಾ ಅಂತಲೂ ನೋಡಿ.

ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಾಗ 'ಆಯ್ಕೆ ಗ್ರಾಹಕರದ್ದು' ಅಂತಾರೆ. ಆದರೆ ಆಯ್ಕೆ ಇದೆ ಅಂತ ಗೊತ್ತಿಲ್ಲದವರು ಪ್ರತಿವರ್ಷ ಹೆಚ್ಚು ಕಟ್ಟುತ್ತಲೇ ಇರ್ತಾರೆ. ಮುಂದಿನ ನವೀಕರಣಕ್ಕೆ ಮೊದಲು ಕನಿಷ್ಠ ಮೂರು ಕಂಪನಿಗಳ ದರ ಕೇಳಿ. ಮನೆಯಲ್ಲಿ ಅಪ್ಪ, ಅಮ್ಮನ ಪಾಲಿಸಿಯನ್ನೂ ಒಮ್ಮೆ ತೆಗೆದು ಓದಿ.