ಕೊರಳಿನ ಚಿಟ್ಟೆಯೂ ಕೈಯೊಳಗಣ ವೈದ್ಯರೂ

ತೀರ್ಥಹಳ್ಳಿಯ ಕಡೆ ಇರುವ ನಮ್ಮ ಅತ್ತಿಗೆಯವರಿಗೆ ನಲವತ್ತೆರಡು ತುಂಬಿದ ವರ್ಷದಿಂದ ಮೈಯೂ ಭಾರ, ಮನಸ್ಸೂ ಭಾರ. ಬೇಸಗೆಯ ನಡುಹಗಲಿನಲ್ಲಿಯೂ ಚಳಿಯೆಂದು ಶಾಲು ಹೊದ್ದು ಕುಳಿತಿರುವರು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಹಾಡು ಹೇಳುತ್ತಿದ್ದ ಕಂಠ ಗೊಗ್ಗರಾಯಿತು. "ವಯಸ್ಸಾಯಿತು" ಎಂದರು ಕೆಲವರು. "ಸೋಮಾರಿತನ" ಎಂದರು ಹಲವರು. ಆ ಹಲವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು. ಕೊನೆಗೊಮ್ಮೆ ರಕ್ತಪರೀಕ್ಷೆಯಾದಾಗ ಚೀಟಿಯಲ್ಲಿ ಬಂದದ್ದು ಒಂದೇ ಒಂದು ಸಂಖ್ಯೆ: ಟಿ.ಎಸ್.ಎಚ್. 38. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕು, ನಾಲ್ಕೂವರೆ.

ಈ ಸಂಖ್ಯೆಯ ಕಥೆ ಸ್ವಾರಸ್ಯವಾದದ್ದು. ನಮ್ಮ ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕುಳಿತಂತೆ ಥೈರಾಯಿಡ್ ಗ್ರಂಥಿಯುಂಟು. ತೂಕ ಸುಮಾರು 20 ಗ್ರಾಂ. ಆಹಾರದೊಳಗಿನ ಅಯೋಡಿನ್ನನ್ನು ಹಿಡಿದು, ಅದರಿಂದ ಥೈರಾಕ್ಸಿನ್ ಎಂಬ ರಸವನ್ನು ಮಾಡಿ ರಕ್ತಕ್ಕೆ ಬಿಡುವುದು ಅದರ ಕಸುಬು. ದೇಹದ ಒಲೆ ಎಷ್ಟು ಉರಿಯಬೇಕು, ಹೃದಯ ಎಷ್ಟು ಬೇಗ ಮಿಡಿಯಬೇಕು ಎಂಬುದರ ಹತೋಟಿ ಬಹುಮಟ್ಟಿಗೆ ಈ ರಸದ್ದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದರ ಮೇಲಧಿಕಾರಿ. ಅದು ಕಳುಹಿಸುವ ಆಜ್ಞೆಯೇ ಟಿ.ಎಸ್.ಎಚ್. ಎತ್ತು ನಿಂತಷ್ಟೂ ಗಾಡಿ ಹೊಡೆಯುವವನ ಕೂಗು ಏರುವುದಿಲ್ಲವೆ? ಹಾಗೆಯೇ ಥೈರಾಯಿಡ್ ಸೋತಷ್ಟೂ ಆಜ್ಞೆಯ ಸಂಖ್ಯೆ ಏರುತ್ತದೆ. "ಅವಳಿಗೆ ಥೈರಾಯಿಡ್ ಜಾಸ್ತಿಯಾಗಿದೆಯಂತೆ" ಎಂದು ಊರಿನಲ್ಲಿ ಆಡುವ ಮಾತು ಎಷ್ಟೋ ಸಲ ತಿರುವುಮುರುವು. ಜಾಸ್ತಿಯಾಗಿರುವುದು ಕೂಗು, ಕೆಲಸವಲ್ಲ.

ಗ್ರಂಥಿ ಸೋಲುವುದಕ್ಕೆ ಕಾರಣಗಳು ಹಲವು. ಅಯೋಡಿನ್ ಸಾಕಷ್ಟು ದೊರೆಯುವ ಕಡೆಗಳಲ್ಲಿ ಮುಖ್ಯವಾದದ್ದು, ದೇಹದ ರಕ್ಷಣಾ ಪಡೆಯೇ ದಾರಿತಪ್ಪಿ ತನ್ನ ಗ್ರಂಥಿಯ ಮೇಲೆ ಬೀಳುವುದು. 1912ರಲ್ಲಿ ಇದನ್ನು ಮೊದಲು ವರ್ಣಿಸಿದ ಜಪಾನಿನ ವೈದ್ಯ ಹಕಾರು ಹಷಿಮೋಟೊ ಅವರ ಹೆಸರೇ ಆ ರೋಗಕ್ಕೆ ನಿಂತಿದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಮದ್ದಾದರೋ ಸರಳ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯಿಡ್ ಸಾರವನ್ನು ಚುಚ್ಚಿ ಒಬ್ಬ ಹೆಂಗಸನ್ನು ಬದುಕಿಸಿದರು. ಆಕೆ ಅನಂತರ 28 ವರ್ಷ ಬಾಳಿದಳು. ಈಗ ಕುರಿಯ ಹಂಗಿಲ್ಲ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಗುಳಿಗೆ, ದಿನಕ್ಕೊಂದು, ಬಹುಮಂದಿಗೆ ಬಾಳಿನುದ್ದಕ್ಕೂ.

ಅತ್ತಿಗೆಯವರಿಗೂ ಅದೇ ಗುಳಿಗೆ ದೊರೆಯಿತು. ಆದರೆ ಸಂಖ್ಯೆ ಇಳಿದದ್ದು 14ಕ್ಕೆ ಮಾತ್ರ. ಪೇಟೆಯ ಆಸ್ಪತ್ರೆಯೊಂದರಲ್ಲಿ ಎರಡು ಸಲ ಅಳತೆ ಏರಿಸಿದರು, ಇಳಿಯಲೊಲ್ಲದು. ಪ್ರತಿ ಸಲವೂ ಬೆಳಗಿನ ಬಸ್ಸು, ಶಿವಮೊಗ್ಗೆಯಲ್ಲಿ ಸರತಿಯ ಸಾಲು, ವೈದ್ಯರ ಮುಂದೆ ಮೂರು ನಿಮಿಷ, ಕತ್ತಲಾದ ಮೇಲೆ ಮನೆ. ಅಷ್ಟರಲ್ಲಿ ಕೊಟ್ಟಿಗೆಯ ಕೆಲಸ ಯಾರದು? ಮೂರನೆಯ ಸಲ ಅವರು ಹೋಗಲೇ ಇಲ್ಲ.

ಆಗ ಮಗ ತನ್ನ ಮೊಬೈಲಿನಲ್ಲಿ ಬೆಂಗಳೂರಿನ ಅಂತಃಸ್ರಾವ ತಜ್ಞರೊಬ್ಬರನ್ನು ಗೊತ್ತುಮಾಡಿದ. ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಬಳಿ ಮಾತ್ರವಾದ್ದರಿಂದ ವೈದ್ಯರ ದರ್ಶನವೂ ಅಲ್ಲಿಯೇ ಆಯಿತು. ನಾನು ಪಕ್ಕದಲ್ಲಿದ್ದೆ. ಆ ತರುಣ ವೈದ್ಯರು ಮೊದಲು ಕೇಳಿದ್ದು ರೋಗವನ್ನಲ್ಲ.

"ಬೆಳಗ್ಗೆ ಎದ್ದು ಏನೇನು ಮಾಡುತ್ತೀರಿ, ತಾಯಿ? ಮೊದಲಿನಿಂದ ಹೇಳಿ."

"ಬಚ್ಚಲೊಲೆಗೆ ಬೆಂಕಿ ಹಾಕುತ್ತೇನೆ, ಹಾಲು ಕರೆಯುತ್ತೇನೆ, ಕಾಫಿ ಮಾಡುತ್ತೇನೆ..."

"ಗುಳಿಗೆ ಯಾವಾಗ?"

"ಕಾಫಿಯ ಜೊತೆಗೇ. ಇಲ್ಲದಿದ್ದರೆ ಮರೆತುಹೋಗುತ್ತದಲ್ಲ, ಡಾಕ್ಟ್ರೇ."

"ಬೇರೆ ಮಾತ್ರೆ ಏನಾದರೂ?"

"ರಕ್ತ ಕಮ್ಮಿಯೆಂದು ಕಬ್ಬಿಣದ್ದು. ಅದನ್ನೂ ಒಟ್ಟಿಗೇ ನುಂಗಿಬಿಡುತ್ತೇನೆ."

ಗುಳಿಗೆ ಇಡುವ ಜಾಗವನ್ನು ತೋರಿಸಿರೆಂದರು. ಮೊಬೈಲನ್ನು ತಿರುಗಿಸಿದರೆ ಕಂಡದ್ದು ಒಲೆಯ ಮೇಲಿನ ಗೂಡು! ಬಿಸಿಗೂ ತೇವಕ್ಕೂ ಥೈರಾಕ್ಸಿನ್ ಕೆಡುತ್ತದೆ. ಕಬ್ಬಿಣ, ಸುಣ್ಣದ ಗುಳಿಗೆಗಳು ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಕಾಫಿಯೂ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಎರಡು ವರ್ಷ ಪೇಟೆಯ ಆಸ್ಪತ್ರೆಗೆ ಕಾಣದಿದ್ದ ಕಾರಣ ಅಡುಗೆಮನೆಯಲ್ಲಿ ಕುಳಿತಿತ್ತು. ನೂರಾರು ಮೈಲಿ ದೂರದ ವೈದ್ಯರು ಆ ಗೂಡನ್ನು ಕಂಡರು. ಹತ್ತಿರದವರಿಗೆ ಅದನ್ನು ಕಾಣುವ ಅವಕಾಶವೇ ಇರಲಿಲ್ಲ.

ಅವರು ಹೇಳಿದ ಕ್ರಮ ಇಷ್ಟೆ. ಎದ್ದೊಡನೆ ಬರಿಹೊಟ್ಟೆಯಲ್ಲಿ, ಬರಿಯ ನೀರಿನೊಡನೆ ಗುಳಿಗೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯಿಲ್ಲ, ತಿಂಡಿಯಿಲ್ಲ. ಕಬ್ಬಿಣದ್ದು ನಾಲ್ಕು ಗಂಟೆ ಕಳೆದ ಮೇಲೆ. ಅಳತೆಯನ್ನು ಅವರು ಏರಿಸಲಿಲ್ಲ. "ಈಗಿನ ಅಳತೆಯೇ ಇನ್ನು ಹೆಚ್ಚಾಗಬಹುದು. ಎದೆ ಹೊಡೆದುಕೊಂಡರೆ ಕೂಡಲೆ ತಿಳಿಸಿ" ಎಂದರು. ಪರೀಕ್ಷೆ ಆರು ವಾರದ ಮೇಲೆ, ಅದಕ್ಕೆ ಮೊದಲಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಏಳು ದಿನ ಬೇಕು, ಟಿ.ಎಸ್.ಎಚ್. ಹೊಸ ನೆಲೆಗೆ ನಿಲ್ಲಲು ಅನೇಕ ವಾರಗಳು. ವಾರವಾರವೂ ರಕ್ತ ಕೊಟ್ಟು ಗಾಬರಿಪಡುವುದು ಹಣದ ನಷ್ಟ.

ದೂರದಿಂದ ಮದ್ದು ಬರೆಯುವುದು ನ್ಯಾಯವೇ ಎಂದು ಕೇಳುವವರುಂಟು. ಇದು ಇಂದು ನೆನ್ನೆಯ ಸಂಗತಿಯಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಆಸ್ಪತ್ರೆಯ ಹೃದ್ರೋಗಿಗಳನ್ನು ಬೆಂಗಳೂರಿನ ತಜ್ಞರು ನೋಡುತ್ತಿದ್ದರು. 2020ರ ಮಾರ್ಚ್ 25ರಂದು ಭಾರತ ಸರ್ಕಾರ ಇದಕ್ಕೆ ನಿಯಮಾವಳಿಯನ್ನೇ ಹೊರಡಿಸಿತು. ನೋಂದಾಯಿತ ವೈದ್ಯರು ಮಾತ್ರ ನೋಡಬಹುದು. ತಮ್ಮ ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ಚೀಟಿಯಲ್ಲಿ ಕಾಣಿಸಬೇಕು. ಮುಖತಃ ನೋಡಲೇಬೇಕೆಂದು ತೋರಿದರೆ ಹಾಗೆ ಹೇಳಿ ಕಳುಹಿಸಬೇಕು. ಸರ್ಕಾರದ ಇ-ಸಂಜೀವಿನಿಯಲ್ಲಿ ಕಾಸಿಲ್ಲದೆಯೇ ವೈದ್ಯರೊಡನೆ ಮಾತಾಡಬಹುದು. ಮೊಬೈಲು ಬಾರದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ಜೊತೆಗೆ ಕುಳಿತು ಮಾತಾಡಿಸುವ ಏರ್ಪಾಡಿದೆ.

ಆದರೆ ಇದೇ ಜಾಲದಲ್ಲಿ "ಥೈರಾಯಿಡನ್ನು ಬೇರುಸಹಿತ ಕೀಳುತ್ತೇವೆ, ಗುಳಿಗೆ ಬಿಡಿ" ಎಂದು ಪುಡಿ ಮಾರುವವರೂ ಇದ್ದಾರೆ. ಮೈ ಇಳಿಸಲೆಂದು ಥೈರಾಕ್ಸಿನ್ ನುಂಗಿಸುವವರೂ ಇದ್ದಾರೆ. ಹೃದಯಕ್ಕೆ ಅದು ಅಪಾಯ. ನೋಂದಣಿ ಸಂಖ್ಯೆ ಕೇಳಿದೊಡನೆ ಮಾತು ಬದಲಿಸುವವರನ್ನು ಅಲ್ಲಿಯೇ ಬಿಡತಕ್ಕದ್ದು.

ಕೆಲವು ಸಂದರ್ಭಗಳಲ್ಲಿ ಕಾಯುವಂತೆಯೇ ಇಲ್ಲ. ಗುಳಿಗೆ ನುಂಗುವಾಕೆ ಗರ್ಭಿಣಿಯಾದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಕೂಸಿನ ಮೆದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿರುವುದರಿಂದ ಅಳತೆಯನ್ನು ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಗ್ರಂಥಿ ಅತಿಯಾಗಿ ದುಡಿಯುವ ರೋಗವೂ ಉಂಟು: ಕೈ ನಡುಕ, ಮೈ ಸೊರಗುವುದು, ಕಣ್ಣು ಹೊರಚಾಚುವುದು. ಅದಕ್ಕೆ ಕಾರ್ಬಿಮಜೋಲ್ ನುಂಗುತ್ತಿರುವವರಿಗೆ ಜ್ವರವೂ ಗಂಟಲುನೋವೂ ಬಂದರೆ, ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ ರಕ್ತದ ಬಿಳಿಕಣಗಳನ್ನು ಎಣಿಸಬೇಕು. ಉಸಿರು ಕಟ್ಟಿದರೂ, ಅನ್ನ ಇಳಿಯದಾದರೂ ಮೊಬೈಲು ಸಾಲದು.

ಅಂದಿನ ಭೇಟಿ ಮುಗಿಯುವ ಮುನ್ನ ವೈದ್ಯರು ಅತ್ತಿಗೆಯವರನ್ನು ಬೆಳಕಿಗೆ ತಿರುಗಿಸಿ, ಕತ್ತೆತ್ತಿ ಒಂದು ಗುಟುಕು ನೀರು ಕುಡಿಯಹೇಳಿದರು. ಮತ್ತೊಂದು ಗುಟುಕು. ಆಮೇಲೆ ಸ್ವಲ್ಪ ಹೊತ್ತು ಮೌನ. "ಬಲಗಡೆ ಏನೋ ಉಬ್ಬಿದಂತೆ ಕಾಣುತ್ತದೆ. ಇದನ್ನು ನಾನು ಇಲ್ಲಿಂದ ಹೇಳಲಾರೆ, ಕೈಯಿಟ್ಟು ನೋಡಬೇಕು" ಎಂದರು. ಅತ್ತಿಗೆಯವರ ಮುಖ ಬಿಳಿಚಿತು.

ಮರುವಾರವೇ ಶಿವಮೊಗ್ಗೆಗೆ ಹೋದೆವು. ಈ ಸಲ ಕೊಟ್ಟಿಗೆಯ ಕೆಲಸಕ್ಕೆ ಅಣ್ಣ ನಿಂತ. ಕೊರಳನ್ನು ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿದರು, ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷೆಗೆ ಕಳುಹಿಸಿದರು. ಗಂಟು ಇದ್ದದ್ದು ನಿಜ. ವರದಿ ಬರುವವರೆಗಿನ ಆ ಐದು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕ್ಯಾನ್ಸರ್ ಅಲ್ಲವೆಂದು ಬಂತು. ನಿಗದಿಯಾದ ಕಾಲಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಕೆಂದರು.

ಆರು ವಾರದ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಇರಬೇಕಾದದ್ದಕ್ಕಿಂತಲೂ ಕೆಳಗಿಳಿದಿತ್ತು; ವೈದ್ಯರ ಎಣಿಕೆಯಂತೆಯೇ ಅಳತೆಯನ್ನು ತಗ್ಗಿಸಬೇಕಾಯಿತು. ಈಗ ಗುಳಿಗೆಯ ಡಬ್ಬಿ ಮಲಗುವ ಕೋಣೆಯಲ್ಲಿ, ನೀರಿನ ಚೊಂಬಿನ ಪಕ್ಕದಲ್ಲಿದೆ. ಬೆಳಗ್ಗೆ ನಾವು ಯಾರಾದರೂ ಕಾಫಿ ಕೇಳಿದರೆ ಅತ್ತಿಗೆಯವರು ಗಡಿಯಾರ ನೋಡಿ, "ನನಗೆ ಇನ್ನೂ ಹತ್ತು ನಿಮಿಷವಿದೆ, ನೀವೂ ಕಾಯಿರಿ" ಎನ್ನುತ್ತಾರೆ.