ಅಜ್ಜಿಯೇ ಗೆದ್ದ ಕಥೆ: ‘ದಿ ಲೇಡಿಕಿಲ್ಲರ್ಸ್’ ಚಿತ್ರದ ತೆರೆಮರೆಯ ಸಂಗತಿಗಳು

ವಾಕಡದ ನಮ್ಮ ವಸತಿ ಸಂಕೀರ್ಣಗಳಲ್ಲಿ ಮನೆಯನ್ನೋ ಕೋಣೆಯನ್ನೋ ಬಾಡಿಗೆಗೆ ಕೊಡುವಾಗ ಹಿರಿಯರಿಗೆ ನಾವು ಹೇಳುವ ಮಾತು ಒಂದೇ: ಬಂದವರು ಯಾರೆಂದು ವಿಚಾರಿಸಿ. ಈ ಅಂಜಿಕೆಯನ್ನೇ ನಗೆಯಾಗಿಸಿದ ಚಿತ್ರ, 1955ರ ಬ್ರಿಟಿಷ್ ಹಾಸ್ಯಚಿತ್ರ ‘ದಿ ಲೇಡಿಕಿಲ್ಲರ್ಸ್’. ಶ್ರೀಮತಿ ವಿಲ್ಬರ್‌ಫೋರ್ಸ್ ಎಂಬ ವೃದ್ಧೆಯ ಮನೆಯಲ್ಲಿ ಪ್ರೊಫೆಸರನೊಬ್ಬ ಕೋಣೆ ಹಿಡಿಯುತ್ತಾನೆ. ಅವನೂ ಅವನ ನಾಲ್ವರು ಸಂಗಡಿಗರೂ ಸಂಗೀತಾಭ್ಯಾಸದ ಸೋಗು ಹಾಕುತ್ತಾರೆ. ಕೇಳಿಬರುವ ಸಂಗೀತ ಗ್ರಾಮಫೋನಿನದು. ಒಳಗೆ ನಡೆಯುವುದು ದರೋಡೆಯ ಹೊಂಚು.

ಈ ಕಥೆ ಹುಟ್ಟಿದ್ದು ಕನಸಿನಲ್ಲಿ! ಚಿತ್ರಕಥೆ ಬರೆದ ವಿಲಿಯಂ ರೋಸ್ ತಾವು ಕಂಡ ಕನಸನ್ನು ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್ ಅವರಿಗೆ ಹೇಳಿದರು. ರೋಸ್ ಅಮೆರಿಕದವರು, ಮೆಕೆಂಡ್ರಿಕ್ ಬಾಸ್ಟನ್ನಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದವರು. ಇಂಗ್ಲೆಂಡಿನ ನಡೆನುಡಿಯನ್ನು ಇಷ್ಟು ಸೂಕ್ಷ್ಮವಾಗಿ ಕಂಡವರು ಹೊರಗಿನಿಂದ ಬಂದವರೇ ಎಂಬುದು, ಪರಸ್ಥಳದಲ್ಲಿ ನೆಲೆನಿಂತ ನಮಗೆ ಆಶ್ಚರ್ಯವೆನಿಸದು.

ತೆರೆಯ ಮೇಲೆ ಕಾಣುವ ಆ ಓರೆಯಾದ ಮನೆ ನಿಜವಾಗಿ ಇರಲೇ ಇಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ಬಳಿ, ಫ್ರೆಡರಿಕಾ ಸ್ಟ್ರೀಟಿನ ಕೊನೆಯಲ್ಲಿ ಚಿತ್ರಕ್ಕಾಗಿಯೇ ಅದನ್ನು ಕಟ್ಟಲಾಗಿತ್ತು. ಮನೆಯ ಹಿಂಬದಿಯ ರೈಲು ದೃಶ್ಯಗಳನ್ನು ತೆಗೆದದ್ದು ಅಲ್ಲಿಯೇ, ಕೋಪನ್‌ಹೇಗನ್ ಸುರಂಗದ ಬಳಿ.

ಎಲ್ಲಕ್ಕಿಂತ ಕುತೂಹಲಕರವಾದುದು ಪಾತ್ರಧಾರಿಗಳ ಆಯ್ಕೆ. ಪ್ರೊಫೆಸರನಾಗಿ ಅಲೆಕ್ ಗಿನ್ನೆಸ್ ದೊಡ್ಡ ಕೃತಕ ಹಲ್ಲುಗಳನ್ನು ಧರಿಸಿ ನಟಿಸಿದರು. ಆಗಿನ್ನೂ ಬೆಳೆಯುತ್ತಿದ್ದ ಪೀಟರ್ ಸೆಲರ್ಸ್ ಕಳ್ಳರಲ್ಲೊಬ್ಬರಾದರು. ಆದರೆ ಅಜ್ಜಿಯ ಪಾತ್ರಕ್ಕೆ ಕೇಟಿ ಜಾನ್ಸನ್ ಅವರ ಹೆಸರು ಬಂದಾಗ, ಎಪ್ಪತ್ತಾರರ ಈ ಕ್ಷೀಣಕಾಯದ ನಟಿ ಚಿತ್ರೀಕರಣದ ಶ್ರಮ ತಾಳಲಾರರೆಂದು ಅವರನ್ನು ಕೈಬಿಟ್ಟು, ಅವರಿಗಿಂತ ಕಿರಿಯ ನಟಿಯೊಬ್ಬರನ್ನು ಗೊತ್ತುಮಾಡಿದರು. ಆ ಕಿರಿಯ ನಟಿ ಚಿತ್ರೀಕರಣ ಆರಂಭವಾಗುವ ಮೊದಲೇ ತೀರಿಕೊಂಡರು. ಪಾತ್ರ ಮರಳಿ ಜಾನ್ಸನ್ ಅವರ ಪಾಲಿಗೆ ಬಂತು. ಅವರು ಅದನ್ನು ಸಾಂಗವಾಗಿ ನಿರ್ವಹಿಸಿ, ಶ್ರೇಷ್ಠ ಬ್ರಿಟಿಷ್ ನಟಿಯೆಂಬ ಬಾಫ್ಟಾ ಪ್ರಶಸ್ತಿಯನ್ನೂ ಪಡೆದರು. ಮುಂದೆ ಒಂದೇ ಒಂದು ಚಿತ್ರದಲ್ಲಿ ನಟಿಸಿ, 1957ರಲ್ಲಿ ಕಾಲವಾದರು.

ಚಿತ್ರದ ಕಥೆಯೂ ಇದೇ ಅಲ್ಲವೆ? ಈ ಮುದುಕಿಯಿಂದೇನಾದೀತು ಎಂದು ಬಗೆದ ಐವರೂ ಒಬ್ಬರನ್ನೊಬ್ಬರು ಮುಗಿಸಿಕೊಳ್ಳುತ್ತಾರೆ. ಹಣ ಅಜ್ಜಿಯ ಬಳಿಯೇ ಉಳಿಯುತ್ತದೆ. ಆಕೆ ಪೊಲೀಸರಿಗೆ ನಿಜವನ್ನೇ ಹೇಳಿದರೂ ಅವರು ನಂಬುವುದಿಲ್ಲ.

2004ರಲ್ಲಿ ಕೋಯೆನ್ ಸೋದರರು ಟಾಮ್ ಹ್ಯಾಂಕ್ಸ್ ಅವರೊಂದಿಗೆ ಈ ಕಥೆಯನ್ನು ಅಮೆರಿಕಕ್ಕೆ ಒಯ್ದರು. ಆದರೂ ಓದುಗರು ಮೊದಲು ಮೂಲಚಿತ್ರವನ್ನೇ ನೋಡಬೇಕೆಂಬುದು ನಮ್ಮ ಸಲಹೆ; ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ ಇನ್ನೂ ಲೇಸು.